ಸೊನ್ನೆ ಇಟ್ಟ ಜಾಗ

ಹೊಳೆಬೀದಿಯವರು ನೀರನ್ನು ನೋಡಿ ಹೆದರುತ್ತಿರಲಿಲ್ಲ. ಅಳತೆ ಅಜ್ಜನನ್ನು ನೋಡಿ ಹೆದರುತ್ತಿದ್ದರು. ಅಜ್ಜ ತಮ್ಮ ಮನೆಯ ಬಾಗಿಲಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದಾರೆ ಅಂದರೆ ಎಲ್ಲ ಸುಸೂತ್ರವಾಗಿದೆ ಅಂತ ಅರ್ಥ. ಎದ್ದರು ಅಂದರೆ ಪಾತ್ರೆಪಡಗ ಕಟ್ಟಿಕೊಂಡು ಗುಡ್ಡ ಹತ್ತಬೇಕು ಅಂತ ಅರ್ಥ. ಜೀವಮಾನದಲ್ಲಿ ಅವರು ಹಾಗೆ ಎದ್ದದ್ದು ಎರಡೇ ಸಲ. ಎರಡು ಸಲವೂ ಬೀದಿಯವರ ಜೀವ ಉಳಿದಿತ್ತು. ಆ ಎರಡು ಸಲದ ಕಥೆಯನ್ನು ಅವರ ಸೊಸೆ ಇನ್ನೂರು ಸಲ ಕೇಳಿದ್ದಳು.

ಅಜ್ಜ ಮೂವತ್ತೆಂಟು ವರ್ಷ ಹೊಳೆ ಕಚೇರಿಯಲ್ಲಿ ಅಳತೆ ನೋಡುವ ಕೆಲಸ ಮಾಡಿದವರು. ಮಳೆಗಾಲದಲ್ಲಿ ಗಂಟೆಗೊಂದು ಸಲ ಸೇತುವೆಗೆ ನಡೆದು ಹೋಗಿ, ನಡುಕಂಬದ ಮೇಲೆ ಬರೆದ ಅಂಕಿಗಳಲ್ಲಿ ನೀರು ಯಾವುದಕ್ಕೆ ತಾಗಿದೆ ಅಂತ ನೋಡಿ ಬರೆದುಕೊಂಡು ಬರುವುದು. ಹದಿನೈದು ಅಡಿಗೆ ಕೆಂಪು ಪಟ್ಟೆ. ಪಟ್ಟೆಗೆ ನೀರು ತಾಗಿದರೆ ಸೈರನ್ನು ಕೂಗಬೇಕು, ಮೇಲುಬೀದಿಯ ಶಾಲೆಯ ಬೀಗ ತೆಗೆಯಬೇಕು. ಹದಿನೇಳಕ್ಕೆ ಅಜ್ಜನ ಮನೆಯ ಹೊಸ್ತಿಲು. ಈ ಲೆಕ್ಕವನ್ನು ಅವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದುದರಿಂದ ಸೊಸೆಗೆ ತನ್ನ ಮದುವೆಯ ದಿನ ಮರೆತರೂ ಹೊಸ್ತಿಲಿನ ಹದಿನೇಳು ಮರೆಯುವಂತಿರಲಿಲ್ಲ.

ಅಜ್ಜನ ಮಂಡಿ ಕೈಕೊಟ್ಟು ಅವರು ನಿವೃತ್ತರಾದ ಮೇಲೆ ಕಚೇರಿ ಇನ್ನೊಬ್ಬರನ್ನು ನೇಮಿಸಲಿಲ್ಲ. ಒಂದು ದುರ್ಬೀನು ಕೊಂಡಿತು. ಹೊಳೆ ಕಚೇರಿ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ. ಹೊಳೆಯ ಕಚೇರಿಯನ್ನು ಹೊಳೆಯಿಂದ ಅಷ್ಟು ದೂರ ಯಾಕೆ ಕಟ್ಟಿದಿರಿ ಅಂದರೆ, ನೆರೆ ಬಂದಾಗ ಕಡತ ನೆನೆಯಬಾರದಲ್ಲ ಅನ್ನುತ್ತಿದ್ದರು. ಈಗ ಒಬ್ಬ ಗುಮಾಸ್ತ ಅಲ್ಲಿಯ ಕಿಟಕಿಯಲ್ಲಿ ಕೂತು, ಚಹಾ ಕುಡಿಯುತ್ತ, ಕಂಬದ ಅಂಕಿ ಓದಿ, ಧ್ವನಿವರ್ಧಕದಲ್ಲಿ ಗಂಟೆಗೊಮ್ಮೆ ಕೂಗುತ್ತಿದ್ದ. ಬೀದಿಯವರು ಅವನನ್ನೇ ದುರ್ಬೀನು ಅನ್ನುತ್ತಿದ್ದರು. ಅಜ್ಜ ಕುರ್ಚಿಯಲ್ಲಿ ಕೂತು ಅವನು ಕೂಗಿದ್ದನ್ನು ತಮ್ಮ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸಂಬಳ ನಿಂತಿದ್ದರೂ ಕೆಲಸ ನಿಲ್ಲಿಸಿರಲಿಲ್ಲ.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಧ್ವನಿವರ್ಧಕ ಕೂಗಿತು: "ಹದಿಮೂರು ಅಡಿ. ಅಪಾಯದ ಮಟ್ಟಕ್ಕಿಂತ ಎರಡು ಅಡಿ ಕೆಳಗೆ. ಸಾರ್ವಜನಿಕರು ಗಾಬರಿಯಾಗಬಾರದು."

ಸೊಸೆ ಹೊಲಿಗೆ ಯಂತ್ರದ ಪೆಡಲಿನ ಮೇಲಿಟ್ಟ ಕಾಲನ್ನು ಎತ್ತಿಕೊಂಡಳು. ಕಾಲು ಒದ್ದೆಯಾಗಿತ್ತು.

ಅವಳದು ಮುಂದಿನ ಕೋಣೆಯಲ್ಲೇ ದರ್ಜಿ ಅಂಗಡಿ. ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಮೂರು ಇಸ್ತ್ರಿಪೆಟ್ಟಿಗೆ. ನೀರು ಹೊಸ್ತಿಲು ದಾಟಿ, ಚಿಂದಿಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ, ಗಿರಾಕಿಯ ಹಾಗೆ ಒಳಗೆ ಬರುತ್ತಿತ್ತು.

"ಮಾವ, ನೀರು ಒಳಗೆ ಬಂತು."

ಅಜ್ಜ ಪುಸ್ತಕದಿಂದ ತಲೆಯೆತ್ತಲಿಲ್ಲ. "ಹದಿಮೂರಕ್ಕೆ ನೀರು ಇಲ್ಲಿಗೆ ಬರಲ್ಲಮ್ಮ."

"ಬಂದಿದೆಯಲ್ಲ ಮಾವ. ನಿಮ್ಮ ಚಪ್ಪಲಿ ತೇಲ್ತಾ ಇದೆ."

"ಚರಂಡಿ ಕಟ್ಟಿಕೊಂಡಿರುತ್ತೆ. ಹೊಳೆ ನೀರಲ್ಲ ಅದು. ಹೊಳೆ ನೀರು ಹದಿನೇಳಕ್ಕೆ ಬರುತ್ತೆ. ಮೂವತ್ತೆಂಟು ವರ್ಷ ನೋಡಿದ್ದೀನಿ, ನನಗೆ ಹೇಳ್ಕೊಡ್ತೀಯಾ?" ಅಂದು ಪಾದಗಳನ್ನು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡರು.

ಸೊಸೆ ಬಾಗಿಲಲ್ಲಿ ನಿಂತು ಬೀದಿ ನೋಡಿದಳು. ಎದುರುಗಡೆ ಬೇಕರಿಯವನು ಪ್ಯಾಂಟು ಮಡಚಿಕೊಂಡು, ಮೊಣಕಾಲ ಕೆಳಗಿನವರೆಗೆ ನೀರಲ್ಲಿ ನಿಂತು, ಗಾಜಿನ ಕಪಾಟು ಒರೆಸುತ್ತಿದ್ದ.

"ಅಣ್ಣ, ನೀವಾದ್ರೂ ಮನೆಯವರನ್ನ ಕರ್ಕೊಂಡು ಮೇಲೆ ಹೋಗಬಾರದಾ?"

"ಯಾಕಕ್ಕಾ? ಅಜ್ಜ ಕೂತಿದ್ದಾರಲ್ಲ." ಬೇಕರಿಯವನು ನಕ್ಕ. "ಅವರು ಏಳಲಿ, ಅವರ ಹಿಂದೆ ನಾನೇ ಮೊದಲು ಓಡ್ತೀನಿ. ಬನ್ನು ಬೇಕಾ? ಒಣಗಿರೋದು ಮೇಲಿನ ತಟ್ಟೇಲಿದೆ."

ಬೀದಿಯ ಎಲ್ಲ ಕಿಟಕಿಗಳಲ್ಲೂ ಮುಖಗಳಿದ್ದವು. ಎಲ್ಲರೂ ನೋಡುತ್ತಿದ್ದುದು ಕುರ್ಚಿಯನ್ನು. ಮೇಲುಬೀದಿಗೆ ಹೋಗಲು ಇದ್ದದ್ದು ಬೇಕರಿಯ ಪಕ್ಕದ ನಲವತ್ತಮೂರು ಮೆಟ್ಟಿಲು. ನೀರು ಸೊಂಟದ ಮಟ್ಟಕ್ಕೆ ಬಂದರೆ ಆ ಮೆಟ್ಟಿಲ ಬುಡ ಮುಟ್ಟುವುದಕ್ಕೂ ಸೆಳವು ಬಿಡುವುದಿಲ್ಲ. ಅಜ್ಜನದು ಭಾರದ ಮೈ. ಹೊರಬೇಕಾದರೆ ನಾಲ್ಕು ಜನ ಗಂಡಸರು ಬೇಕು. ಆ ನಾಲ್ಕು ಜನ ಬರಬೇಕಾದರೆ ಅಜ್ಜ ಏಳಬೇಕು. ಅಜ್ಜ ಏಳಬೇಕಾದರೆ ಕಂಬದ ಅಂಕಿ ಏಳಬೇಕು. ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಡೀ ಬೀದಿ ಒದ್ದೆಯಾಗುತ್ತಿತ್ತು.

ಸೊಸೆ ಹೊಳೆ ಕಚೇರಿಗೆ ಫೋನು ಮಾಡಿದಳು.

"ಹದಿಮೂರು ಅಂತಿದ್ದೀರಿ. ನಮ್ಮ ಹೊಸ್ತಿಲು ದಾಟಿದೆ. ನಮ್ಮ ಹೊಸ್ತಿಲು ಹದಿನೇಳು."

"ಅಮ್ಮ, ಹೊಸ್ತಿಲು ನಮ್ಮ ಕಚೇರಿ ವ್ಯಾಪ್ತಿಗೆ ಬರಲ್ಲ," ಅಂದ ದುರ್ಬೀನು. "ನಮಗೆ ಕಂಬ ಮಾತ್ರ."

"ಹಾಗಾದ್ರೆ ಈ ನೀರು ಎಲ್ಲಿಂದ ಬಂತು?"

"ನಿಮ್ಮ ಮನೆ ಕುಸಿದಿರಬಹುದು. ನಾಲ್ಕಡಿ ಕುಸಿದ್ರೆ ಲೆಕ್ಕ ಸರಿಹೋಗುತ್ತೆ ನೋಡಿ. ಕಟ್ಟಡದ ವಿಭಾಗಕ್ಕೆ ಒಂದು ಅರ್ಜಿ ಕೊಡಿ."

ನಾಲ್ಕಡಿ. ಅವಳು ಫೋನು ಇಟ್ಟಳು. ಕೊರಳಲ್ಲಿ ಯಾವಾಗಲೂ ಹಾವಿನ ಹಾಗೆ ಬಿದ್ದಿರುವ ಅಳತೆಯ ಟೇಪನ್ನು ಕೈಗೆ ತೆಗೆದುಕೊಂಡು ಅದರ ತುದಿ ನೋಡಿದಳು. ಹೊಸದರಲ್ಲಿ ಅವಳೂ ಒಂದು ಸಲ ತುದಿ ಹರಿದ ಟೇಪಿನಲ್ಲಿ ಅಳೆದು, ಒಬ್ಬ ಮದುಮಗನ ಕೋಟಿನ ತೋಳನ್ನು ಮೊಣಕೈಗೆ ನಿಲ್ಲಿಸಿದ್ದಳು. ಬಟ್ಟೆ ಸರಿ, ಕತ್ತರಿ ಸರಿ, ಅಂಕಿಗಳೂ ಸರಿ. ಶುರುವಾದ ಜಾಗ ಮಾತ್ರ ತಪ್ಪು.

ಒಳಕೋಣೆಯಲ್ಲಿ ಅವಳ ಗಂಡ ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೆ ಏರಿಸುತ್ತಿದ್ದ. ಊರಿನ ಅರ್ಧ ನಾಮಫಲಕ ಅವನ ಕೈಯವೇ. ಎರಡು ವರ್ಷದ ಹಿಂದೆ ಸೇತುವೆ ಕಂಬದ ಅಂಕಿಗಳನ್ನು ಹೊಸದಾಗಿ ಬರೆದವನೂ ಅವನೇ. ಹಳೆಯದನ್ನು ಪೂರ್ತಿ ಕೆರೆದು, ಒಂದೊಂದು ಅಂಕಿಗೂ ನೆರಳು ಕೊಟ್ಟು, ಗುಡ್ಡದ ಮೇಲಿನಿಂದಲೂ ಮುದ್ದಾಗಿ ಕಾಣುವ ಹಾಗೆ ಬರೆದಿದ್ದ. ಹುಟ್ಟಿದಾಗಿನಿಂದ ಮಗನನ್ನು 'ಲೆಕ್ಕಕ್ಕಿಲ್ಲದವನು' ಅನ್ನುತ್ತ ಬಂದಿದ್ದ ಅಪ್ಪ ಆ ಒಂದು ಸಲ, ಕುರ್ಚಿಯಲ್ಲಿ ಹೊರಿಸಿಕೊಂಡು ಹೋಗಿ ನೋಡಿ, "ಅಂಕಿ ನೆಟ್ಟಗಿದೆ" ಅಂದಿದ್ದರು. ಆ ಎರಡು ಮಾತನ್ನು ಪೇಂಟರ್ ಚಿನ್ನದ ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

"ರೀ," ಅಂದಳು ಸೊಸೆ. "ಕಂಬದ ಮೇಲೆ ಸೊನ್ನೆ ಎಲ್ಲಿಟ್ಟಿರಿ?"

"ಕೆಳಗೆ. ಸೊನ್ನೆ ಮತ್ತೆಲ್ಲಿಡ್ತಾರೆ?"

"ಕೆಳಗೆ ಅಂದ್ರೆ? ಹೊಳೆ ತಳದಲ್ಲಾ?"

"ತಳದಲ್ಲಿ ಹೇಗಿಡೋಕಾಗುತ್ತೆ? ನೀರಿತ್ತು. ನೀರೊಳಗೆ ಬಣ್ಣ ಹಿಡಿಯುತ್ತಾ? ದೋಣೀಲಿ ಕೂತು, ನೀರಿನ ಮೇಲಿಂದ ಶುರು ಮಾಡ್ದೆ."

"ಯಾವ ನೀರಿನ ಮೇಲಿಂದ?"

"ಅವತ್ತಿನ ನೀರಿನ ಮೇಲಿಂದ…" ಪೇಂಟರಿನ ಕೈ ಡಬ್ಬಿಯ ಮೇಲೆ ನಿಂತಿತು. ಮಳೆಗಾಲ ಮುಗಿದ ಮರುವಾರ ಬರೆದದ್ದು. ಹೊಳೆ ಆಗಿನ್ನೂ ಪೂರ್ತಿ ಇಳಿದಿರಲಿಲ್ಲ. ಎಲ್ಲಿಂದ ಶುರು ಮಾಡಲಿ ಅಂತ ಅವನು ಹೊಳೆ ಕಚೇರಿಯ ಸಾಹೇಬರನ್ನು ಕೇಳಿದ್ದ. "ಕೆಳಗಿಂದ ಮೇಲಕ್ಕೆ, ಇದನ್ನೂ ಹೇಳಬೇಕಾ?" ಅಂದಿದ್ದರು ಸಾಹೇಬರು, ಕಾರಿನ ಗಾಜು ಏರಿಸುತ್ತ.

ಎರಡು ವರ್ಷ ಇದು ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗದೆ ಇದ್ದದ್ದಷ್ಟೇ ಅಲ್ಲ, ಎಲ್ಲರಿಗೂ ಅನುಕೂಲವೇ ಆಗಿತ್ತು. ಬೇಸಿಗೆಯಲ್ಲಿ ನೀರು ಸೊನ್ನೆಗಿಂತ ಕೆಳಗೆ ಹೋದಾಗ ದುರ್ಬೀನು ಸೊನ್ನೆ ಅಂತಲೇ ಬರೆದ. ಸೊನ್ನೆಗಿಂತ ಕಡಿಮೆಗೆ ಅವನ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಮಳೆಗಾಲದಲ್ಲಿ ಅಂಕಿಗಳೆಲ್ಲ ನಾಲ್ಕಡಿ ಕಡಿಮೆ ಬಂದವು. ಹೊಳೆಯನ್ನು ನಾಲ್ಕಡಿ ತಗ್ಗಿಸಿದ್ದಕ್ಕಾಗಿ ಸಾಹೇಬರಿಗೆ ಸನ್ಮಾನವೂ ನಡೆದುಹೋಗಿತ್ತು.

"ಅಪ್ಪನಿಗೆ ಹೇಳಬೇಡ," ಅಂದ ಪೇಂಟರ್. ಅವನ ಧ್ವನಿ ಐದನೇ ಕ್ಲಾಸಿನ ಹುಡುಗನದಾಗಿತ್ತು. "ನಿನ್ನ ಕೈ ಮುಗೀತೀನಿ ಕಣೆ. ಆ ಒಂದು ಕೆಲಸಕ್ಕೆ ಮಾತ್ರ ಅವರು ಚೆನ್ನಾಗಿದೆ ಅಂದಿದ್ರು."

"ನೀರು ಬಂದು ಅವರನ್ನ ಎತ್ಕೊಂಡು ಹೋದ್ಮೇಲೆ ಆ ಹೊಗಳಿಕೆ ಇಟ್ಕೊಂಡು ಏನ್ ಮಾಡ್ತೀರಿ? ಫ್ರೇಮು ಹಾಕಿಸ್ತೀರಾ?"

"ಹೋಗಿ ಸರಿಯಾಗಿ ಬರೆದುಬಿಡ್ತೀನಿ ಈಗಲೇ."

"ಈ ಮಳೇಲಿ ಬಣ್ಣ ನಿಲ್ಲುತ್ತಾ?"

ನಿಲ್ಲುವುದಿಲ್ಲ. ಇಬ್ಬರಿಗೂ ಗೊತ್ತಿತ್ತು. ಸೊಸೆಯ ಕಣ್ಣು ಮೇಜಿನ ಮೇಲಿದ್ದ ಬಿಳಿ ಬಟ್ಟೆಯ ಥಾನಿನ ಮೇಲೆ ಹೋಯಿತು. ಆಸ್ಪತ್ರೆಯ ಪರದೆಗಳಿಗೆಂದು ಬಂದದ್ದು, ದಪ್ಪ ಬಟ್ಟೆ. ಅವಳು ಅದನ್ನು ಮೇಜಿನ ಮೇಲೆ ಸರ್ರನೆ ಬಿಚ್ಚಿ ಹೇಳಿದಳು: "ಕಂಬಕ್ಕೆ ಹೊಸ ಟೇಪು ಹಾಕೋಣ. ಹನ್ನೆರಡರಿಂದ ಇಪ್ಪತ್ತರವರೆಗೆ ಬರೀರಿ. ಬೇಗ. ನೆರಳು ಗಿರಳು ಕೊಡೋಕೆ ಹೋಗಬೇಡಿ."

ಗಂಡ ನೆಲದ ನೀರಿನಲ್ಲಿ ಮೊಣಕಾಲೂರಿ ಮೇಜಿನ ಮೇಲೆ ಬರೆದ. ಹೆಂಡತಿ ಅಡಿಗೊಂದು ಗೆರೆ ಹಾಕುತ್ತ ಹೋದಳು, ಹದಿನೈದಕ್ಕೆ ಕೆಂಪು ಬಟ್ಟೆಯ ಪಟ್ಟಿ ಇಟ್ಟು ಹೊಲಿದಳು. ಬೇರೆ ದಿನವಾಗಿದ್ದರೆ ಅಂಚು ಮಡಚದೆ ಬಿಡುವವಳಲ್ಲ. ಇವತ್ತು ಬಿಟ್ಟಳು, ಬಿಟ್ಟದ್ದಕ್ಕೆ ಮನಸ್ಸು ಚುರುಗುಟ್ಟಿತು. ಗಾಳಿಗೆ ಹಾರಬಾರದೆಂದು ಕೆಳತುದಿಗೆ ಎರಡು ಇಸ್ತ್ರಿಪೆಟ್ಟಿಗೆ ಕಟ್ಟಿದಳು. ಇಷ್ಟೂ ಹೊತ್ತು ಬಾಗಿಲಲ್ಲಿ ಅಜ್ಜ, ಪಾದ ಇಟ್ಟುಕೊಂಡಿದ್ದ ಅಡ್ಡಪಟ್ಟಿಯೂ ಮುಳುಗಿದ ಮೇಲೆ, ಎರಡು ಕಾಲನ್ನೂ ನೀರಲ್ಲೇ ಬಿಟ್ಟುಕೊಂಡು ಕೂತಿದ್ದರು.

"ಎಲ್ಲಿಗೆ ಹೊರಟಿರಿ ಇಬ್ಬರೂ?" ಅಂದರು.

"ಒಂದು ಅಳತೆ ಕೊಡೋದಿದೆ ಮಾವ, ಈಗ ಬಂದೆವು."

"ಚರಂಡಿಯವರಿಗೂ ಒಂದು ಮಾತು ಹೇಳಿ ಬಾ."

ಗಂಡ ಹೆಂಡತಿ ಮೆಟ್ಟಿಲು ಹತ್ತಿ, ಮೇಲುಬೀದಿಯಿಂದ ಬಳಸಿಕೊಂಡು ಸೇತುವೆಗೆ ಹೋದರು. ಮೇಲುಬೀದಿಯವರು ಕೊಡೆ ಹಿಡಿದು ಸಾಲಾಗಿ ನಿಂತು ಹೊಳೆಯ ಫೋಟೋ ತೆಗೆಯುತ್ತಿದ್ದರು. "ಎಂಥ ಚೆಂದ!" ಅಂತ ಯಾರೋ ಅಂದರು. ಅವರ ಮನೆಗಳು ಅಷ್ಟು ಎತ್ತರದಲ್ಲಿದ್ದವು.

ಪೇಂಟರ್ ಸೇತುವೆಯ ಕಟಕಟೆಯ ಮೇಲಿಂದ ಬಟ್ಟೆಯನ್ನು ಕಂಬದ ಮೇಲೆ, ತನ್ನದೇ ಮುದ್ದಾದ ಅಂಕಿಗಳು ಮುಚ್ಚುವ ಹಾಗೆ, ಕೆಳಗೆ ಬಿಟ್ಟ.

"ಎಷ್ಟಕ್ಕೆ ನಿಲ್ಲಿಸ್ಲಿ?"

"ನಾ ಹೊರಡುವಾಗ ನೀರು ಹೊಸ್ತಿಲಿಂದ ಅರ್ಧ ಅಡಿ ಮೇಲಿತ್ತು. ಹದಿನೇಳೂವರೆಗೆ ನಿಲ್ಲಿಸಿ." ಅವಳು ಕಟಕಟೆಗೆ ಬಾಗಿ, ಗಿರಾಕಿಯ ಅಂಗಿಯ ಉದ್ದ ನೋಡುವವಳ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು. "ಇನ್ನೊಂಚೂರು ಮೇಲಕ್ಕೆ. ಸಾಕು. ಕಟ್ಟಿ."

ಗುಡ್ಡದ ನೆತ್ತಿಯಲ್ಲಿ ದುರ್ಬೀನು ಹನ್ನೊಂದೂವರೆಯ ಚಹಾ ಮುಗಿಸಿ ಕಣ್ಣಿಗೆ ಗಾಜು ಹಿಡಿದ. ಆಮೇಲೆ ನಡೆದದ್ದು ಇಡೀ ಊರಿಗೆ ಕೇಳಿಸಿತು. ಧ್ವನಿವರ್ಧಕ ಮೊದಲು ಕೆಮ್ಮಿತು. ನಂತರ, "ಹದಿಮೂ… ಅಲ್ಲ… ಹದಿನೇಳೂವರೆ! ಒಂದೇ ನಿಮಿಷದಲ್ಲಿ ನಾಲ್ಕಡಿ!" ಅಂತ ಕಿರುಚಿತು. ಕಂಬಕ್ಕೆ ಪರದೆ ಯಾಕೆ ಬಂತು, ಅಂಕಿಗಳ ನೆರಳು ಎಲ್ಲಿ ಹೋಯಿತು ಅನ್ನುವುದೆಲ್ಲ ಅವನ ಕೆಲಸವಾಗಿರಲಿಲ್ಲ. ಸೈರನ್ನು ಕೂಗಿತು.

ಅವರು ಓಡಿ ಬರುವಷ್ಟರಲ್ಲಿ ಅಜ್ಜ ಪುಸ್ತಕ ಮಡಚಿ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಕುರ್ಚಿಯ ಎರಡು ಕೈ ಹಿಡಿದು ಅರ್ಧ ಎದ್ದು ನಿಂತು ಬೀದಿಗೆಲ್ಲ ಬೈಯುತ್ತಿದ್ದರು.

"ಮನೆಯೊಳಗೆ ನೀರು ನುಗ್ತಾ ಇದೆ, ಇನ್ನೂ ಕೂತಿದ್ದೀರಲ್ಲೋ! ಕಣ್ಣಿಲ್ವಾ ನಿಮಗೆ?"

ಅಜ್ಜ ಎದ್ದರು ಅಂದಮೇಲೆ ಇನ್ನೇನು! ಬೇಕರಿಯವನೂ ಇನ್ನೂ ಮೂವರೂ ಬಂದು ಕುರ್ಚಿಗೆ ಹೆಗಲು ಕೊಟ್ಟರು. ಸೆಳವು ತೊಡೆಯನ್ನು ಎಳೆಯುತ್ತಿತ್ತು. ಅಜ್ಜ ಮೇಲೆ ಕೂತು ಮೆಟ್ಟಿಲು ಎಣಿಸುತ್ತ ಬಂದರು. ನಲವತ್ತಮೂರಕ್ಕೆ ನಲವತ್ತಮೂರು ಸರಿ ಬಂದಾಗ, ಮೆಟ್ಟಿಲುಗಳಾದರೂ ನಾಲ್ಕಡಿ ಕುಸಿದಿಲ್ಲವಲ್ಲ ಅಂತ ಸೊಸೆಗೆ ಆ ಪರಿಸ್ಥಿತಿಯಲ್ಲೂ ನಗು ಬಂತು.

ಶಾಲೆಯ ಬೆಂಚುಗಳ ಮೇಲೆ ಇಡೀ ಬೀದಿ ಒದ್ದೆ ಬಟ್ಟೆಯಲ್ಲಿ ಕೂತಿತು. ಬೇಕರಿಯವನು ಬನ್ನು ಹಂಚಿದ. ಅಜ್ಜ ಮೂರನೇ ಸಲದ ಕಥೆಯನ್ನು ಆಗಲೇ ಶುರು ಮಾಡಿದ್ದರು. ಮಧ್ಯಾಹ್ನ ಒಂದು ಗಂಟೆಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಒಂದು ಗಂಟೆಗೆ ಹೊಳೆಯಲ್ಲಿ ಒಂದು ಮರದ ದಿಮ್ಮಿ ಬಂತು. ಅಂಚು ಮಡಚದ ಬಟ್ಟೆ ಎಷ್ಟು ತಡೆದೀತು? ಹರಿದು, ಇಸ್ತ್ರಿಪೆಟ್ಟಿಗೆಗಳ ಸಮೇತ ಹೋಯಿತು.

ಧ್ವನಿವರ್ಧಕ ಸಂತೋಷದಿಂದ ಕೂಗಿತು: "ಹದಿನಾಲ್ಕೂವರೆ! ನೀರು ಒಮ್ಮೆಲೇ ಇಳಿದಿದೆ. ಅಪಾಯ ಕಳೆದಿದೆ. ಶಾಲೆಯಲ್ಲಿರುವವರು ಕೂಡಲೇ ಮನೆಗಳಿಗೆ ಹೋಗಬೇಕು. ಬೆಂಚುಗಳನ್ನು ಒರೆಸಿ ಹೋಗಬೇಕು."

ಅಜ್ಜ ಪುಸ್ತಕ ತೆಗೆದು ಬರೆದುಕೊಂಡರು. "ನಡೀರಿ," ಅಂದು ಕುರ್ಚಿಯ ಕೈ ತಟ್ಟಿದರು. "ಹದಿನಾಲ್ಕೂವರೆಗೆ ಮನೆ ಒಳಗೆ ನೀರಿರಲ್ಲ. ಹೋಗಿ ಕೆಸರು ತೊಳೆಯೋಣ. ಎತ್ತಿ."

ನಾಲ್ವರೂ ಬಗ್ಗಿ ಕುರ್ಚಿ ಹಿಡಿದರು. ಹೆಂಗಸರು ಗಂಟುಮೂಟೆ ತಲೆಗೆ ಏರಿಸಿದರು. ಕಿಟಕಿಯ ಕೆಳಗೇ ಬೇಕರಿಯ ಬಾಗಿಲಿನ ಅರ್ಧದವರೆಗೆ ಹೊಳೆ ಕಂದು ಬಣ್ಣದಲ್ಲಿ ಸುತ್ತುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ. ಎಲ್ಲರೂ ಅಜ್ಜನನ್ನು ನೋಡುತ್ತಿದ್ದರು.

ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಗಂಡನ ಕಡೆ ನೋಡಿ ಮೆಲ್ಲಗೆ ಅಂದಳು: "ನೀವು ಹೇಳ್ತೀರೋ, ನಾ ಹೇಳ್ಲೋ?"

ಪೇಂಟರಿನ ಉಗುರಲ್ಲಿ ಇನ್ನೂ ಕಪ್ಪು ಬಣ್ಣವಿತ್ತು. ಅವನು ಅದನ್ನು ಕೆರೆಯುತ್ತ ಅಪ್ಪನ ಕುರ್ಚಿಯ ಮುಂದೆ ಬಂದು ನಿಂತ.

"ಅಪ್ಪಾ, ಹೋಗೋದು ಬೇಡ. ಸೊನ್ನೆ ತಪ್ಪು."

"ಯಾವ ಸೊನ್ನೆ?"

"ನಾನಿಟ್ಟ ಸೊನ್ನೆ. ಕಂಬದ್ದು. ನೀರಿನ ಮೇಲಿಟ್ಟಿದ್ದೀನಿ. ತಳದಿಂದ ನಾಲ್ಕಡಿ ಮೇಲೆ."

ಕುರ್ಚಿಯನ್ನು ಅರ್ಧ ಎತ್ತಿದ್ದ ನಾಲ್ವರು ಇಳಿಸಬೇಕೋ ಹೊರಬೇಕೋ ತಿಳಿಯದೆ ಹಾಗೇ ನಿಂತರು. ಅಜ್ಜ ಗಾಳಿಯಲ್ಲಿ ತೂಗುತ್ತ ಮಗನ ಮುಖ ನೋಡಿದರು. ಆಮೇಲೆ ಬೆಳಗಿನಿಂದ ಮೊದಲ ಸಲ ಕಿಟಕಿಯ ಕಡೆ ತಿರುಗಿ ಹೊಳೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಬೆಳಿಗ್ಗೆ ನನ್ನ ಕಾಲ ಮೇಲೆ ಬಂದಿದ್ದು…"

"ಹೊಳೆನೇ ಮಾವ," ಅಂದಳು ಸೊಸೆ.

"ಚರಂಡಿ ಅಲ್ಲ?"

"ಅಲ್ಲ."

"ಇಳಿಸ್ರಪ್ಪ," ಅಂದರು ಅಜ್ಜ. ಕುರ್ಚಿ ನೆಲಕ್ಕೆ ತಾಗಿತು. "ಎಲ್ಲಾರೂ ಕೂತ್ಕೊಳ್ಳಿ. ಯಾರೂ ಎಲ್ಲೂ ಹೋಗಲ್ಲ." ಇಡೀ ಬೀದಿ ಕೂತಿತು.

ಮಗ ನಿಂತೇ ಇದ್ದ. ಅಜ್ಜ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಪುಸ್ತಕ ಬಿಡಿಸಿ, ಎರಡು ವರ್ಷದ ಹಿಂದಿನ ಹಾಳೆಗೆ ಹೋಗಿ, ಒಂದೊಂದು ಅಂಕಿಯನ್ನೂ ಹೊಡೆದುಹಾಕಿ ಪಕ್ಕದಲ್ಲಿ ನಾಲ್ಕು ಕೂಡಿಸಿ ಬರೆಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ, "ಲೋ, ಕಣ್ಣು ಮಂಜಾಗ್ತಿದೆ. ನೀನು ಕೂಡಿಸಿ ಹೇಳು, ನಾ ಬರೀತೀನಿ," ಅಂದರು. ಪೇಂಟರ್ ಪಕ್ಕದ ಬೆಂಚಿನಲ್ಲಿ ಕೂತ. "ಆರೂ ನಾಲ್ಕು ಹತ್ತು. ಏಳೂವರೆ ನಾಲ್ಕು ಹನ್ನೊಂದೂವರೆ…" ಲೆಕ್ಕಕ್ಕಿಲ್ಲದವನು ಒಂದೂ ತಪ್ಪಿಲ್ಲದೆ ಹೇಳುತ್ತ ಹೋದ. ಅವರು ಮೊದಲ ಮಳೆಗಾಲ ಮುಗಿಸುವ ಹೊತ್ತಿಗೆ ಬೇಕರಿಯ ಗಾಜಿನ ಕಪಾಟು ಮುಳುಗಿತ್ತು.

ಸಂಜೆಗೆ ಸಾಹೇಬರು ಕೊಡೆ ಹಿಡಿಸಿಕೊಂಡು ಬಂದರು. ಕೈಯಲ್ಲಿ ವರದಿ ಸಿದ್ಧವಾಗಿತ್ತು. ಹೊಳೆ ಒಂದು ನಿಮಿಷದಲ್ಲಿ ನಾಲ್ಕಡಿ ಏರಿ, ಒಂದೂವರೆ ಗಂಟೆಯ ನಂತರ ಒಂದು ನಿಮಿಷದಲ್ಲಿ ನಾಲ್ಕಡಿ ಇಳಿದ ಅಪರೂಪದ ಘಟನೆ. ಕಚೇರಿಯ ಎಚ್ಚರಿಕೆಯಿಂದ ಒಂದು ಜೀವವೂ ಹೋಗಲಿಲ್ಲ.

"ಹಿರಿಯರು ನೀವು, ಅನುಭವಿಗಳು. ಇಲ್ಲೊಂದು ಸಹಿ ಹಾಕಿ," ಅಂದರು.

"ಸಾಹೇಬ್ರೇ, ಹೊಳೆ ಹಾಗೆ ಏರಲ್ಲ, ಹಾಗೆ ಇಳಿಯಲ್ಲ. ಸೊನ್ನೆ ತಪ್ಪಿದೆ."

"ಸೊನ್ನೆ ತಪ್ಪು ಅಂದ್ರೆ ನನ್ನ ಸನ್ಮಾನವೂ ತಪ್ಪಾಗುತ್ತಲ್ಲ," ಅಂದರು ಸಾಹೇಬರು, ನಿಜವಾಗಿ ನೊಂದುಕೊಂಡು.

ಅಜ್ಜ ಸಹಿ ಹಾಕಲಿಲ್ಲ. ಪುಸ್ತಕವನ್ನೇ ಅವರ ಕೈಗಿಟ್ಟರು. ಅದನ್ನು ಓದಿದರೋ ಬಿಟ್ಟರೋ, ಮುಂದಿನ ಬೇಸಿಗೆಗೆ ಕಂಬ ಮತ್ತೆ ಬರೆಯುವ ಆದೇಶ ಬಂತು. ಕಾರಣದ ಜಾಗದಲ್ಲಿ 'ಬಣ್ಣ ಮಾಸಿದೆ' ಅಂತಿತ್ತು.

ಹೊಳೆ ಬತ್ತಿ, ಎರಡಡಿ ತಿಳಿನೀರಿನ ತಳದಲ್ಲಿ ಕಂಬದ ಬುಡ ಕಾಣುತ್ತಿತ್ತು. ನಾಲ್ವರು ಅಜ್ಜನನ್ನು ಕುರ್ಚಿಯ ಸಮೇತ ಹೊಳೆಯ ಮಧ್ಯಕ್ಕೆ ಇಳಿಸಿದರು. ಸೊಸೆ ಬಗ್ಗಿ ತಳದ ಕೆಸರಿನಲ್ಲಿ ಟೇಪಿನ ತುದಿ ಒತ್ತಿ ಹಿಡಿದಳು. ಅಜ್ಜ ಊರುಗೋಲಿನಿಂದ ತೋರಿಸಿದರು, "ಇಲ್ಲಿ." ಪೇಂಟರ್ ನೀರಿನ ಮೇಲೆ ಎರಡರಿಂದ ಶುರುಮಾಡಿ ಬರೆದ. ಈ ಸಲ ನೆರಳನ್ನೂ ಕೊಟ್ಟ. ಹೆಂಡತಿ ಬೇಡ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಕಾದ ಬಿಸಿಲಲ್ಲಿ ಸೈರನ್ನು ಕೂಗಿತು. ಧ್ವನಿವರ್ಧಕ ಹೆದರಿ ಹೇಳಿತು: "ನಿನ್ನೆ ಸೊನ್ನೆ ಇದ್ದ ನೀರು ಇವತ್ತು ಎರಡು ಅಡಿ! ಎಲ್ಲರೂ ಕೂಡಲೇ ಮೇಲುಬೀದಿಗೆ ಹೋಗಬೇಕು!"

ಕಿಟಕಿಗಳೆಲ್ಲ ತೆರೆದುಕೊಂಡವು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಬೀದಿಯೆಲ್ಲ ಅಜ್ಜನನ್ನು ನೋಡಿತು. ಅಜ್ಜ ಪೆನ್ನು ಹಿಡಿದುಕೊಂಡು ಸೊಸೆಯ ಕಡೆ ನೋಡಿದರು. ಸೊಸೆ ಯಂತ್ರ ನಿಲ್ಲಿಸಿ, ಎದ್ದು, ಬೀದಿಯ ಕೊನೆಯವರೆಗೆ ನಡೆದು ಹೋಗಿ ಹೊಳೆಯನ್ನು ನೋಡಿ ಬಂದಳು.

"ಏನಮ್ಮ?"

"ಎಮ್ಮೆಯ ಹೊಟ್ಟೆಗೂ ತಾಗಿಲ್ಲ ಮಾವ."

ಅಜ್ಜ ಅದನ್ನೇ ಬರೆದುಕೊಂಡರು.